ಒಲೆ ಸತ್ತ ಊರು

ಒಂದೂರಿತ್ತಂತೆ. ಹೂಂ ಅನ್ನಿ. ಹೂಂಗುಟ್ಟೋರಿಲ್ಲದ ಕಥೆ ಹಾದಿ ತಪ್ಪುತ್ತೆ. ಆ ಊರು ಇದ್ದದ್ದು ನಮ್ಮ ದಿಕ್ಕಿಗೇ. ಹೊಳೆಯಾಚೆಯವರು ತಮ್ಮ ಕಡೆ ಅಂತ ಕೊಚ್ಚಿಕೊಳ್ತಾರೆ, ನಂಬಬೇಡಿ. ಅವರಿಗೆ ಹಿಂಗೆ ಕಥೆ ಹೇಳೋಕೂ ಬರಲ್ಲ, ಹಿಂಗೆ ರಾಜನ ಮುಂದೆ ನಿಲ್ಲೋಕಂತೂ ಮೊದಲೇ ಬರಲ್ಲ.

ಆ ಊರಿಗೊಬ್ಬ ರಾಜ, ರಾಜನಿಗೊಂದು ಚಟ. ಕುಡಿತವಲ್ಲ, ಜೂಜಲ್ಲ, ಬಿಸಿನೀರು. ಹೊತ್ತು ಮೂಡಿದಾಗ ಬಚ್ಚಲಿಗಿಳಿದರೆ ಹೊತ್ತು ನೆತ್ತಿಗೆ ಬಂದರೂ ಏಳ್ತಿರಲಿಲ್ಲವಂತೆ. ಆನೆಮರಿ ಮುಳುಗೋವಷ್ಟು ದೊಡ್ಡ ತಾಮ್ರದ ಹಂಡೆ, ಅದರ ಕೆಳಗೆ ಆರದ ಬೆಂಕಿ. ಕಾಸಿ ಕಾಸಿ ಅರಮನೆ ಹಿಂದಿನ ಕಾಡೆಲ್ಲ ಬೋಳಾಯ್ತಂತೆ. ಒಂದು ದಿನ ನೀರು ಉಗುರುಬೆಚ್ಚಗೆ ಬಂತು. ರಾಜ ಮಾತ್ರ ಕುದಿದ.

"ಏನ್ರೀ ಮಂತ್ರಿಗಳೇ, ರಾಜನ ಬಚ್ಚಲಿಗೆ ಸೌದೆಗೂ ಗತಿ ಇಲ್ಲವಾ?"

ಮಂತ್ರಿ ಬಲು ಬುದ್ಧಿವಂತ. ಹಂಗಂತ ಅವನೇ ಎಲ್ಲರಿಗೂ ಹೇಳ್ತಿದ್ದ.

"ಪ್ರಜೆಗಳಿದ್ದಾರಲ್ಲ ಮಹಾಪ್ರಭು. ಸೌದೆಗೆ ಸುಂಕ ಹಾಕೋಣ. ಯಾವ ಹೊರೆ ಊರೊಳಗೆ ಬಂದರೂ ಅದರಲ್ಲಿ ಅರ್ಧ ಅರಮನೆಗೆ."

"ಜನ ಕೊಡ್ತಾರಾ?"

"ಬಳೆಗೆ ಸುಂಕ ಹಾಕಿದರೆ ಬಳೆ ಬಿಡ್ತಾರೆ, ಎಲೆ ಅಡಿಕೆಗೆ ಹಾಕಿದರೆ ಎಲೆ ಅಡಿಕೆ ಬಿಡ್ತಾರೆ. ಒಲೆ ಯಾರು ಬಿಡ್ತಾರೆ ಪ್ರಭು? ಬಿಡೋಕಾಗದ್ದಕ್ಕೇ ಸುಂಕ ಹಾಕಬೇಕು. ಸಾಹುಕಾರನ ಹೊರೆಗೂ ಅರ್ಧ, ಕೂಲಿಯವಳ ಹೊರೆಗೂ ಅರ್ಧ. ಎಲ್ಲರೂ ಸಮ. ಇದಕ್ಕಿಂತ ನ್ಯಾಯ ಎಲ್ಲಿದೆ?"

ಕೇಳಿದ್ರಾ ಇವನ ನ್ಯಾಯ! ಸಾಹುಕಾರ ಗಾಡಿಗಟ್ಟಲೆ ತರಿಸ್ತಾನೆ, ಅರ್ಧ ಕೊಟ್ಟು ಉಳಿದರ್ಧ ಹಿತ್ತಿಲಲ್ಲಿ ಒಟ್ಟಿ, ಅದರ ಮೇಲೆ ಕಾಲು ಚಾಚಿ ಕೂರ್ತಾನೆ. ಒಂದೇ ತಲೆ, ಒಂದೇ ಹೊರೆ ಇರೋಳು ಅರ್ಧ ಕೊಟ್ಟರೆ ಅವಳ ಗಂಜಿ ಅರ್ಧವೇ ಬೇಯುತ್ತೆ. ಅರ್ಧ ಬೆಂದದ್ದು ಗಂಜಿಯಲ್ಲ ಸ್ವಾಮಿ, ನೆನೆದ ನುಚ್ಚು. ಅದನ್ನು ತಿಂದು ಮಕ್ಕಳು ಹೊಟ್ಟೆ ಹಿಡಕೊಂಡು ಹೊರಳಾಡಿದರೆ ಅದಕ್ಕೂ ನ್ಯಾಯ ಅಂತ ಹೆಸರಿಡ್ತೀರಾ?

ಆ ಊರಲ್ಲಿ ಹಾಲವ್ವ ಅಂತ ಒಬ್ಬ ಹೆಂಗಸು. ಮಂಡಕ್ಕಿ ಭಟ್ಟಿಯವಳು. ಬಾಣಲೇಲಿ ಮರಳು ಕಾಸಿ, ಅಕ್ಕಿ ಸುರಿದು, ಚಟಪಟ ಅನ್ನಿಸಿ ಅರಳಿಸಿ ಮಾರೋಳು. ಅವಳ ನಾಲಿಗೆಯೂ ಆ ಮರಳಿನ ಹಂಗೇ ಕಾದಿರ್ತಿತ್ತಂತೆ. ಗಂಡ ಇಲ್ಲ. ಇರೋದೊಬ್ಬಳೇ ಮಗಳು, ಕೊಟ್ರವ್ವ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಾಗಿ ಚಳಿ. ಬಾಣಂತಿಗೆ ದಿನಾ ಸುಡುಸುಡು ನೀರು ಹುಯ್ಯಬೇಕು, ಕೂಸಿಗೆ ಕೆಂಡದ ಕಾವು ಕೊಡಬೇಕು. ಅದಕ್ಕೇ ಹಾಲವ್ವ ಕೋಳಿ ಕೂಗೋಕೆ ಮುಂಚೆ ಎದ್ದು ದೂರದ ಕಾಡಿಗೆ ಹೋಗಿ ತಲೆ ಮೇಲೆ ಹೊರೆ ಹೊತ್ತು ಬಂದಳು. ಊರ ಬಾಗಿಲಲ್ಲಿ ಸುಂಕದವನು ಕೋಲು ಅಡ್ಡ ಹಿಡಿದ.

"ಇಳಿಸಮ್ಮ. ಅರ್ಧ ಈ ಕಡೆ."

"ಮನೇಲಿ ಹಸಿ ಬಾಣಂತಿ ಅವಳೆ ಕಣಪ್ಪ."

"ಅವಳ ಮೇಲೆ ಸುಂಕ ಹಾಕಿಲ್ಲವಲ್ಲ, ಹೊರೆ ಮೇಲೆ ತಾನೆ?"

"ನಿಮ್ಮವ್ವ ನಿನ್ನ ಹೆತ್ತಾಗ ತಣ್ಣೀರಲ್ಲಿ ಮಿಂದಿದ್ದಳೇನೋ? ಅದಕ್ಕೇ ನೀನು ಹಿಂಗೆ ಮರಗಟ್ಟಿ ಹೋಗಿದೀಯ."

ಸುಂಕದವನು ನಗಲೂ ಇಲ್ಲ, ಬಯ್ಯಲೂ ಇಲ್ಲ. ದಪ್ಪ ದಪ್ಪ ಕೊರಡನ್ನೆಲ್ಲ ಆರಿಸಿಕೊಂಡು ಸಣ್ಣ ಕಡ್ಡಿ ಪುರಲೆ ಬಿಟ್ಟ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂಗೆ ಅನ್ನೋ ಗಾದೆ ಹುಟ್ಟಿದ್ದೇ ಆ ಬಾಗಿಲಲ್ಲಿ ಅಂತ ನಮ್ಮ ಕಡೆಯವರ ಮಾತು. ಹೊಳೆಯಾಚೆಯವರು ಅದನ್ನೂ ನಮ್ಮಿಂದಲೇ ಕಲಿತದ್ದು.

ಸೌದೆ ಸಾಲದೆ ಹೆಂಗಸರು ಹಾದಿ ಮೇಲಿನ ಸಗಣಿ ಬಾಚಿ ಕುಳ್ಳು ತಟ್ಟಿದರು. ಮಂತ್ರಿ ಕುಳ್ಳಿಗೂ ಸುಂಕ ಹಾಕಿದ. ತರಗೆಲೆ ಗುಡಿಸಿ ತಂದರು. ತರಗಿಗೂ ಹಾಕಿದ. ಎಲೆ ಉದುರಿಸೋದು ಮರ, ಗುಡಿಸೋದು ಬಡವಿ, ಸುಂಕ ಎತ್ತೋದು ಅರಮನೆ!

ಸೌದೆಯ ಸುಂಕ ಸೌದೆಗೇ ನಿಂತಿದ್ದರೆ ಹೆಂಗೋ ತಡಕೊಳ್ಳಬಹುದಿತ್ತು. ಬೆಂಕಿ ಎಲ್ಲಾದರೂ ಒಂದು ಕಡೆ ನಿಲ್ಲುತ್ತಾ? ಕುಂಬಾರ ಮಡಕೆ ತುಟ್ಟಿ ಮಾಡಿದ. ಯಾಕಪ್ಪ? ಸುಡೋ ಆವಿಗೆಗೆ ಸೌದೆ ಬೇಕಲ್ಲಮ್ಮ. ಕಮ್ಮಾರ ನೇಗಿಲ ಕುಳ ತಟ್ಟೋದು ತುಟ್ಟಿ ಮಾಡಿದ. ಯಾಕಪ್ಪ? ಇದ್ದಿಲಿಗೂ ಸುಂಕ ಕಣಮ್ಮ. ಕುಳ ತುಟ್ಟಿ ಅಂತ ರೈತ ಜೋಳ ತುಟ್ಟಿ ಮಾಡಿದ. ಆಲೆಮನೆಯವನು ಬೆಲ್ಲ ತುಟ್ಟಿ ಮಾಡಿದ. ಎಲ್ಲರೂ ತಮ್ಮ ತಲೆ ಮೇಲಿನ ಹೊರೆಯನ್ನು ಪಕ್ಕದವರ ತಲೆಗೆ ದಾಟಿಸಿದರು. ದಾಟಿಸೋಕೆ ಪಕ್ಕದಲ್ಲಿ ಯಾರೂ ಇಲ್ಲದೋರು ಏನು ಮಾಡಬೇಕು? ಹಾಲವ್ವ ಮಂಡಕ್ಕಿ ತುಟ್ಟಿ ಮಾಡಿ ನೋಡಿದಳು. ಕೊಳ್ಳೋರು ಕೂಲಿ ಜನ. ಅವರು ಮಂಡಕ್ಕಿ ಬಿಟ್ಟು ನೀರು ಕುಡಿದು ಮಲಗಿದರು. ಭಟ್ಟಿ ತಣ್ಣಗಾಯ್ತು.

ಮನೇಲಿ ಉರಿಯೋದು ಏನಿದೆ ಅಂತ ಹಾಲವ್ವ ಹುಡುಕಿದಳಂತೆ. ಮಣೆ ಉರಿಯಿತು. ಒನಕೆ ಉರಿಯಿತು. ಮಂಚದ ಕಾಲು ಉರಿಯಿತು, ಮಗಳು ನೆಲದ ಮೇಲೆ ಮಲಗಿದಳು. ಬಾಣಲೆ ಕೆದಕೋ ಮರದ ಸೌಟೂ ಉರಿದುಹೋಯ್ತು. ಒಂದು ಬೆಳಿಗ್ಗೆ ಕೊಟ್ರವ್ವನ ತುಟಿ ನೇರಳೆ ಹಣ್ಣಿನಂತೆ ಕಪ್ಪಿಟ್ಟಿತ್ತು, ಕೂಸಿನ ಅಂಗಾಲು ಕಪ್ಪೆಯಂತೆ ತಣ್ಣಗಿತ್ತು. ಹಾಲವ್ವ ಮಚ್ಚು ಹಿಡಿದು ಸುತ್ತ ನೋಡಿದಳು. ಮರ ಅಂತ ಉಳಿದದ್ದು ತೊಟ್ಟಿಲೊಂದೇ. ಮಚ್ಚು ಎತ್ತಿದಳು.

ಕೊಟ್ರವ್ವ ಅವಳ ಕೈ ಹಿಡಕೊಂಡಳು. "ಬ್ಯಾಡ ಕಣವ್ವಾ. ನಂಗೆ ಚಳಿ ಆಗ್ತಿಲ್ಲ." ಹಂಗನ್ನೋವಾಗ ಅವಳ ಹಲ್ಲು ಕಟಕಟ ಅಂತಿದ್ದವಂತೆ.

ಹಾಲವ್ವ ಮಚ್ಚು ಬಿಸಾಕಿದಳು. ಒಲೆ ಮುಂದೆ ಕೂತು ಬೂದಿಯೊಳಗೆ ಕೈ ಇಟ್ಟಳು. ಆಮೇಲೆ ಎದ್ದು ತಲೆಗೂದಲು ಬಿಚ್ಚಿ ಹರವಿ, ಬೀದಿಗೆ ಬಂದು ಎದೆ ಬಡಕೊಂಡು ಅಳೋಕೆ ಶುರು ಮಾಡಿದಳು.

"ಹೋದೆಯಾ ನನ್ನವ್ವಾ! ನಮ್ಮನ್ನೆಲ್ಲ ಸಾಕಿ ಸಲಹಿದೋಳೇ, ಹೇಳದೇ ಕೇಳದೇ ಹೋದೆಯಾ!"

ನೆರೆಮನೆಯ ಕುಂಬಾರ ಈರಜ್ಜ ಓಡಿ ಬಂದ. "ಯಾರೇ ಹಾಲವ್ವಾ? ಯಾರು ಹೋದರೇ? ಕೂಸಾ?"

"ನಿನ್ನ ಬಾಯಿಗೆ ಮಣ್ಣು ಹಾಕ! ಕೂಸು ಚೆನ್ನಾಗೈತೆ. ನನ್ನ ಒಲೆ ಸತ್ತೋಯ್ತು ಈರಜ್ಜ."

"ಥೂ, ಎದೆ ಒಡೆದಿತ್ತಲ್ಲೇ ನಂದು. ಒಲೆ ಆರ್ತದೆ ಕಣೇ. ಒಲೆ ಸಾಯ್ತದಾ?"

"ಆರಿದ ಒಲೇನ ಊದಿ ಎಬ್ಬಿಸಬೋದು. ಇದು ಏಳೋದಿಲ್ಲ. ಒಳಗೆ ಹೋಗಿ ಮುಟ್ಟಿ ನೋಡು, ಹೆಣದಂಗೆ ತಣ್ಣಗಿಲ್ಲದಿದ್ದರೆ ಕೇಳು."

ಈರಜ್ಜ ಒಳಗೆ ಹೋಗಿ ಮುಟ್ಟಿದ. ತನ್ನ ಮನೆಗೆ ಹೋಗಿ ತನ್ನ ಒಲೆ ಮುಟ್ಟಿದ. ಹೊರಗೆ ಬಂದವನು ರುಮಾಲು ತೆಗೆದು, ಸಾವಿನ ಮನೆಯವರಂತೆ ತಲೆ ಮೇಲೆ ಬಟ್ಟೆ ಹೊದ್ದು ಹಾಲವ್ವನ ಪಕ್ಕ ಕೂತ.

"ನಮ್ಮದೂ ಹೋಗೈತೆ ಕಣವ್ವ. ಯಾವಾಗ ಹೋಯ್ತೋ ಏನೋ, ನಾನೇ ನೋಡಿರಲಿಲ್ಲ."

ಒಬ್ಬರ ಹಿಂದೆ ಒಬ್ಬರು ಮನೆಗೆ ಹೋಗಿ ಒಲೆ ಮುಟ್ಟಿ ಬಂದರಂತೆ. ಈ ಬೀದಿ ಅತ್ತಿತು, ಆ ಬೀದಿ ಅತ್ತಿತು, ಊರೇ ಅತ್ತಿತು. ಕಮ್ಮಾರ ಕುಲುಮೆಗೆ ನೀರು ಹುಯ್ದು ಬಂದ.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಸಾವಾದ ಮನೇಲಿ ಸೂತಕ ಕಳೆಯೋವರೆಗೆ ಒಲೆ ಹಚ್ಚೋಹಂಗಿಲ್ಲ. ಒಲೆ ಉರಿಯೋ ನೆರೆಮನೆಯವರು ಬುತ್ತಿ ತಂದು ಉಣ್ಣಿಸಬೇಕು. ಜಗಳ ಇರಲಿ, ಹಗೆ ಇರಲಿ, ಇಲ್ಲ ಅನ್ನೋಹಂಗಿಲ್ಲ. ಇಲ್ಲ ಅಂದವನ ಮನೇನ ಸಾವು ಹುಡುಕಿಕೊಂಡು ಬರುತ್ತೆ ಅಂತ ಭಯ. ಇಡೀ ಊರಿಗೇ ಸೂತಕ ಬಂದರೆ ಬುತ್ತಿ ಕೊಡೋ ನೆರೆಮನೆ ಯಾವುದು? ಸಾಹುಕಾರನ ಮನೆ ಮೇಲೆ ಹೊಗೆ ಇತ್ತು, ಆದರೆ ಅವನು ಚಾಲಾಕಿ. ಊರಿಗೆಲ್ಲ ತಾನೇ ಉಣ್ಣಿಸಬೇಕಾದೀತು ಅಂತ ಗಡಬಡಿಸಿ ಒಲೆಗೆ ನೀರು ಸುರಿದು, ತಲೆ ಮೇಲೆ ಬಟ್ಟೆ ಹೊದ್ದು, ಎಲ್ಲರಿಗಿಂತ ಜೋರಾಗಿ ಅತ್ತನಂತೆ. ಹೊಗೆ ಉಳಿದದ್ದು ಅರಮನೆ ಮೇಲೆ ಮಾತ್ರ.

ಊರಿಗೂರೇ ಅಳ್ತಾ ಅರಮನೆ ಅಂಗಳಕ್ಕೆ ಬಂದು ಕೂತಿತು.

ರಾಜ ಆಗತಾನೆ ಮೈಗೆಲ್ಲ ಹರಳೆಣ್ಣೆ ಬಳಿಸಿಕೊಂಡು ಬಚ್ಚಲ ಮುಂದೆ ಕೂತಿದ್ದ. ಹಂಗೇ ಶಲ್ಯ ಸುತ್ತಿಕೊಂಡು ಹೊರಗೆ ಬಂದ.

"ಏನಿದು ಗಲಾಟೆ? ಸತ್ತೋರು ಯಾರು?"

"ಒಲೆ ಸತ್ತಿದೆ ದೊರೆಯೇ," ಅಂದಳು ಹಾಲವ್ವ. "ಮನೆಮನೇಲೂ ಸತ್ತಿದೆ. ಒಲೆ ಉರಿಯೋ ನೆರೆಮನೆ ಅಂದರೆ ನಿಂದೊಂದೇ. ಬುತ್ತಿಗೆ ಬಂದಿದೀವಿ."

ಮಂತ್ರಿ ಮುಂದೆ ನುಗ್ಗಿದ. "ಪ್ರಭು, ಇದು ನಾಟಕ!"

"ಹಂಗಾದರೆ ಸರಿ ಬಿಡಪ್ಪ. 'ಸಾವಿನ ಮನೆಗೆ ಬುತ್ತಿ ಇಲ್ಲ' ಅಂತ ದೊರೆ ತನ್ನ ಬಾಯಾರೆ ಒಂದು ಮಾತು ಅಂದುಬಿಡಲಿ. ಎದ್ದು ಹೋಗ್ತೀವಿ."

ರಾಜ ಬಾಯಿ ತೆರೆದ. ಮುಚ್ಚಿದ. ಇನ್ನೊಂದು ಸಲ ತೆರೆದ. ಎಷ್ಟಾದರೂ ಅವನೂ ತಾಯಿ ಹೊಟ್ಟೇಲಿ ಹುಟ್ಟಿದೋನು, ಆ ಮಾತು ಆಡೋ ಗುಂಡಿಗೆ ಎಲ್ಲಿಂದ ಬರಬೇಕು?

"ಬುತ್ತಿ ಕೊಡ್ರೋ," ಅಂದ.

"ಬಾಣಂತಿ ಇರೋ ಮನೆಯ ಬುತ್ತಿಗೆ ಬಿಸಿನೀರೂ ಸೇರ್ತದೆ," ಅಂದವಳೇ ಹಾಲವ್ವ ನೆಟ್ಟಗೆ ರಾಜನ ಬಚ್ಚಲಿಗೆ ಹೋದಳು. ಹೆಂಗಸರೆಲ್ಲ ಕೊಡ ಹಿಡಿದು ಹಿಂದೆ ಹೋದರು. ರಾಜ ಎಣ್ಣೆ ಸುರಿಸ್ತಾ ನೋಡ್ತಾ ನಿಂತ. ಹಂಡೆ ಬರಿದಾಯ್ತು.

ಮತ್ತೆ ಕಾಸೋಣ ಅಂದರೆ ಬೆಂಕಿಯೆಲ್ಲ ಅನ್ನದ ಹಂಡೆಗಳ ಕೆಳಗೆ. ಊರಿಗೆಲ್ಲ ಬುತ್ತಿ ಬೇಯಬೇಕಲ್ಲ! ಇವತ್ತು ಬೇಯಿಸಿದರು, ನಾಳೆ ಬೇಯಿಸಿದರು, ನಾಡಿದ್ದೂ ಬೇಯಿಸಿದರು. ಸುಂಕದ ಸೌದೆಯ ಗುಡ್ಡ ಕರಗಿ ಕರಗಿ ಬರೀ ಸಿಪ್ಪೆ ಉಳೀತು. ಹೊಸ ಸೌದೆ ಬರಲಿಲ್ಲ, ಸೂತಕದವರು ಕಾಡಿಗೆ ಹೋಗ್ತಾರಾ? ರಾಜನ ಎಣ್ಣೆ ಮೈಮೇಲೇ ಅಂಟಾಗಿ, ಧೂಳು ಮೆತ್ತಿ, ನೊಣ ಮುತ್ತಿ, ಮಾಗಿ ಗಾಳಿಗೆ ಹಲ್ಲು ಕಟಕಟ ಅನ್ನೋಕೆ ಹತ್ತಿದವಂತೆ. ಜನ ಉಣ್ತಾ ಉಣ್ತಾ ನೋಡಿ ನಕ್ಕರು.

ಕೊನೆಗೆ ರಾಜನೇ ಹಾಲವ್ವನ ಎದುರಿಗೆ ಬಂದು ನಿಂತ. "ತಾ-ತಾಯೀ, ಈ ಸೂತಕ ಯಾವಾಗ ಕಳೆಯುತ್ತೆ?"

"ಮನುಷ್ಯರು ಸತ್ತರೆ ಹೊತ್ತು ಗೊತ್ತು ಐತೆ. ಒಲೆ ಸತ್ತರೆ ಇಲ್ಲ. ಅದಕ್ಕೆ ಜೀವ ಬರೋವರೆಗೂ ಸೂತಕವೇ."

"ಜೀವ ಹೆಂಗೆ ಬರುತ್ತೆ?"

"ಕೊಂದವನೇ ಕೆಂಡ ತರಬೇಕು. ಸುಂಕ ಅನ್ನೋದು ಒಲೆ ಹತ್ತಿರ ಇನ್ನು ಸುಳಿಯಬಾರದು."

ರಾಜ ಡಂಗುರ ಹೊಡೆಸಿದ. ಸೌದೆಗೆ ಸುಂಕವಿಲ್ಲ, ಕುಳ್ಳಿಗೆ ಸುಂಕವಿಲ್ಲ, ತರಗಿಗೆ ಸುಂಕವಿಲ್ಲ! ಬುದ್ಧಿ ಬಂದು ಹೊಡೆಸಿದ ಅಂದುಕೊಳ್ಳಬೇಡಿ, ಚಳಿ ಬಂದು ಹೊಡೆಸಿದ. ಅರಮನೆಯವರಿಗೆ ಬುದ್ಧಿ ಬರೋದು ಚಳಿಯ ಹಾದೀಲೇ. ಆಮೇಲೆ ಒಂದು ಓಡಿನ ಚೂರಲ್ಲಿ ಕೆಂಡ ಇಟ್ಟುಕೊಂಡು, ಆರಬಾರದು ಅಂತ ಊದ್ತಾ ಊದ್ತಾ, ಎಣ್ಣೆ ಮೆತ್ತಿದ ಮೈಲೇ ಹಾಲವ್ವನ ಗುಡಿಸಲಿಗೆ ನಡೆದ. ಅವನ ಹಿಂದೆ ಮಂತ್ರಿ, ತಲೆ ಮೇಲೆ ಸೌದೆ ಹೊರೆ. ನಡುದಾರೀಲಿ ಮಂತ್ರಿ ಏದುಸಿರು ಬಿಡ್ತಾ ರಾಜನ ಕಿವಿಗೆ ಬಗ್ಗಿದ.

"ಪ್ರಭು, ಸೌದೆ ಹೋಗಲಿ. ಹೊಗೆಗೆ ಹಾಕಿದರೆ..."

"ಬಾಯಿ ಮುಚ್ಚೋ," ಅಂದ ರಾಜ. "ಕೆಂಡ ಆರುತ್ತೆ."

ಹಾಲವ್ವ ಮಂತ್ರೀನೇ ಒಲೆ ಮುಂದೆ ಕೂರಿಸಿ ಊದುಗೊಳವೆ ಕೈಗೆ ಕೊಟ್ಟಳು. "ಊದಪ್ಪ. ಬಿಡೋಕಾಗದ್ದು ಯಾವುದು ಅಂತ ತಿಳೀಲಿ." ಅವನು ಊದಿದ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಉರಿ ಹತ್ತಿತು, ನೀರು ಕುದೀತು. ಹಾಲವ್ವ ಮಗಳನ್ನು ಬಚ್ಚಲಲ್ಲಿ ಕೂರಿಸಿ ತಂಬಿಗೆ ತಂಬಿಗೆ ಹುಯ್ದಳು.

"ಸುಡ್ತದಾ ಮಗಳೇ?"

"ಸುಡಲಿ, ಹುಯ್ಯವ್ವಾ," ಅಂದಳು ಕೊಟ್ರವ್ವ. ಅವಳ ತುಟಿ ಕೆಂಪಗಾಗಿತ್ತಂತೆ.

ಅವರು ಅಲ್ಲಿ ಬೆಚ್ಚಗಾದರು, ನಾವು ಇಲ್ಲಿ ಇನ್ನೂ ಒಲೆ ಊದ್ತಾ ಕೂತಿದೀವಿ.