ಸಿಪಾಯಿ ಮಲಗೊಂಡನ ಪಿಂಚಣಿ

ಕಾಶವ್ವನ ಗಂಡ, ಸಿಪಾಯಿ ಮಲಗೊಂಡ, ಗಡಿಯ ಹಿಮಪಾತದಲ್ಲಿ ಸಿಕ್ಕಿ ಎರಡು ವರ್ಷವಾಗಿತ್ತು. ಹೆಣ ಸಿಕ್ಕಿರಲಿಲ್ಲ. ಇಂದೋ ನಾಳೆಯೋ ಬರುತ್ತಾನೆಂದು ಅವಳು ಅವನ ಅಂಗಿಗಳನ್ನು ಒಗೆದು ಮಡಚಿಡುತ್ತಿದ್ದಳು. ಮನೆಯಲ್ಲಿ ಜೋಳ ಮುಗಿದಾಗ ಪಿಂಚಣಿ ಕಚೇರಿಗೆ ಹೋದಳು.

ಸಾಹೇಬ ಫೈಲು ನೋಡಿ ಗದರಿದ. "ನಿನ್ನ ಗಂಡ ಕಾಣೆಯಾಗ್ಯಾನ ಅಂತ ಐತಿ. ಸತ್ತಾನಂತ ದಾಖಲೆ ಇಲ್ಲ. ಪಿಂಚಣಿ ಸಿಗೂದಿಲ್ಲ."

"ಹಂಗಾದ್ರ ಜೀವಂತ ಅದಾನಲ್ರಿ? ಪಗಾರ ಕೊಡ್ರಿ."

"ಎರಡು ವರ್ಷದಿಂದ ಡ್ಯೂಟಿಗೇ ಬಂದಿಲ್ಲ. ಎಲ್ಲೀ ಪಗಾರ?"

"ಡ್ಯೂಟಿ ಬಿಟ್ಟು ಹೋದಾವನ್ನ ಹಿಡಕೊಂಡು ಬರಬೇಕಲ್ರಿ ನೀವು? ಪೊಲೀಸರನ್ನ ಕಳಸ್ರಿ. ಅವರ ಜೋಡಿ ನಾನೂ ಹೋಗ್ತೀನಿ."

ಸಾಹೇಬನ ಸಿಟ್ಟು ನೆತ್ತಿಗೇರಿತು. ಮೇಜು ಗುದ್ದಿ ಕೂಗಿದ. "ಮೂವತ್ತು ಅಡಿ ಹಿಮದ ಕೆಳಗ ಇದ್ದಾವನ್ನ ಹೆಂಗ ಹಿಡಕೊಂಡು ಬರೂದು? ಅಂವ ಅವತ್ತೇ ಸತ್ತಾನ!"

"ಅಷ್ಟೇ ಬರದು ಕೊಡ್ರಿ, ಸಾಹೇಬ್ರ."

ಗುಮಾಸ್ತರು ತಲೆ ತಗ್ಗಿಸಿ ನಗು ನುಂಗಿದರು. ಎಲ್ಲರೆದುರು ಆಡಿದ ಮಾತು. ಸಾಹೇಬ ಮುಖ ಗಂಟಿಕ್ಕಿಕೊಂಡು ಬರೆದು ಸಹಿ ಹಾಕಿದ.

ಕಾಶವ್ವ ಕಾಗದ ಹಿಡಿದು ಹೊರಬಂದು ಮೆಟ್ಟಿಲ ಮೇಲೆ ಕುಳಿತಳು. ಊರವರೆಲ್ಲ ಎಷ್ಟು ಹೇಳಿದರೂ ನಂಬದೆ, ಎರಡು ವರ್ಷ ಒಂದು ಹನಿ ಕಣ್ಣೀರು ಹಾಕದವಳು, ಗೆದ್ದು ಬಂದ ಆ ದಿನ ಬಿಕ್ಕಿ ಬಿಕ್ಕಿ ಅತ್ತಳು.