ನೀಲಮ್ಮನ ಮನಿ ಶಹಜಾದ

ಬಹಳ ಹಿಂದಕ್ಕ, ನಮ್ಮ ಮುತ್ತ್ಯಾನ ಮುತ್ತ್ಯಾ ಇನ್ನೂ ತೊಟ್ಲಕ್ಕೂ ಬಂದಿರದಾಗ, ಕೆಂಪು ಕಲ್ಲಿನ ಗುಡ್ಡದ ಮ್ಯಾಲ ಒಂದು ಕ್ವಾಟಿ ಊರು ಇತ್ತಂತ. ಯಾವ ಸುಲ್ತಾನನ ಕಾಲ ಅಂತ ನನ್ನ ಕೇಳಬ್ಯಾಡ್ರಿ. ನನಗ ಗೊತ್ತಿಲ್ಲ, ಗೊತ್ತದ ಅನ್ನಾವರ ಮಾತು ನಂಬಬ್ಯಾಡ್ರಿ.

ಆ ಸುಲ್ತಾನರ ಮನೆತನದಾಗ ಒಂದು ಕೆಟ್ಟ ರೂಢಿ ಇತ್ತು. ಗಾದಿ ಏರಿದಾವ ತನ್ನ ತಮ್ಮಂದಿರ ಕಣ್ಣಿಗೆ ಕಾಸಿದ ಸೂಜಿ ಹಾಕಸ್ತಿದ್ದ. ಕುರುಡ ಗಾದಿಗೆ ಬರಂಗಿಲ್ಲ, ಕೊಂದ ಪಾಪಾನೂ ಹತ್ತಂಗಿಲ್ಲ. ಎಂಥಾ ಜಾಣತನ ನೋಡ್ರಿ! ಮುದಿ ಸುಲ್ತಾನ ತೀರಿಕೊಂಡ, ಹಿರೀ ಮಗ ಗಾದಿ ಏರಿದ. ಸಣ್ಣ ಮಗ ಮುಬಾರಿಜ, ಇಪ್ಪತ್ತು ವರ್ಷದಾವ, ತಾಯಿ ಇಲ್ಲದಾವ, ಅವತ್ತೇ ಕ್ವಾಟಿ ಗ್ವಾಡಿ ಜಿಗಿದು ಓಡಿದ. ಓಡಿ ಎಷ್ಟು ದೂರ ಹೋದಾನು? ಕ್ವಾಟಿ ಬುಡದಾಗ ಬಿದ್ರಿ ಕೆಲಸದವರ ಓಣಿ ಇತ್ತು. ಅಲ್ಲಿ ಗಂಡ ಇಲ್ಲದ ನೀಲಮ್ಮ ಅನ್ನಾಕಿ ನಾಲ್ಕು ಆಳು ಇಟಗೊಂಡು ಬೆಳ್ಳಿ ಕೂಡಿಸಿದ ಹೂಜಿ ಮಾಡಸ್ತಿದ್ದಳು. ಆಕಿ ಬಾಗಲಕ್ಕ ಬಂದು ನಿಂತ.

ಏನು ಕೆಲಸ ಬರ್ತದಪ್ಪಾ ಅಂತ ಆಕಿ ಕೇಳಿದಳಂತ. ಕುದುರಿ ಏರ್ತೀನಿ, ಗಿಡುಗ ಹಾರಸ್ತೀನಿ, ಪಾರ್ಸಿ ಓದ್ತೀನಿ ಅಂದನಂತ. ಇಂವ ಯಾರು ಅಂತ ಆಕಿಗೆ ಆಗಲೇ ತಿಳೀತು. ಒಳಗ ಕರದು ರೊಟ್ಟಿ ಕೊಟ್ಟಳು.

ಉಳಿ ಹಿಡಿದ್ರ ಬೆರಳು ಕೊಯ್ಕೋತಿದ್ದ. ಕಡೀಕ ಮಣ್ಣಿನ ಕೆಲಸಕ್ಕ ಹಚ್ಚಿದಳು. ಹೂಜಿ ಕರ್ರಗ ಆಗಬೇಕಂದ್ರ ಬಿಸಿಲು ಮಳಿ ಕಾಣದ ಹಳೇ ಕ್ವಾಟಿ ಮಣ್ಣು ಬೇಕು. ಅದನ್ನ ನೀರಾಗ ಕುದಿಸಿ ಹೂಜಿ ಅದ್ದಿದ್ರ ಲೋಹ ಕಾಡಿಗಿ ಬಣ್ಣ ಆಗ್ತದ, ಬೆಳ್ಳಿ ಹಂಗೇ ಉಳೀತದ. ಮಣ್ಣು ಬರೋಬ್ಬರಿ ಅದನೋ ಇಲ್ಲೋ ಅಂತ ನಾಲಿಗಿ ಮ್ಯಾಲ ಇಟ್ಟೇ ನೋಡಬೇಕು. ಆ ವಿದ್ಯಾ ಮಾತ್ರ ಅವನಿಗೆ ಒಲೀತು. ಒಂದು ಚಿಟಿಕಿ ಇಟ್ರ ಸಾಕು, ಯಾವ ಗ್ವಾಡಿ ಬುಡದ್ದು, ಮಳಿ ಕುಡದದೋ ಇಲ್ಲೋ, ಎಲ್ಲಾ ಹೇಳ್ತಿದ್ದನಂತ. ಅದರ ಮ್ಯಾಲ ಯಾರ ಎಮ್ಮಿ ನಿಂತಿತ್ತು ಅಂತಾನೂ ಹೇಳ್ತಿದ್ದ ಅಂತಾರಪ್ಪ. ಅದು ಜರಾ ಹೆಚ್ಚಾಯ್ತು, ಇರ್ಲಿ.

ಹಿಂಗ ನಾಲ್ಕು ವರ್ಷ ಹೋದವು. ಆದ್ರ ನೀಲಮ್ಮ ಒಂದು ತಪ್ಪು ಮಾಡ್ತಿದ್ದಳು. ಆಕಿ ಬಾಯಿ ಅಂದ್ರ ಊರಿಗೇ ಹೆಸರಾದದ್ದು. ಆಕಿ ಬೈಲಿಕ್ಕೆ ನಿಂತ್ರ ಓಣಿ ನಾಯಿ ಸೈತ ಬಾಲ ಮುದುಡ್ತಿದ್ದವಂತ. ಬೈಸಿಕೊಳ್ಳದ ಕೆಲಸ ಬರಂಗಿಲ್ಲ ಅಂತ ಆ ಓಣಿಯವರ ನಂಬಿಕಿ. ಆದ್ರ ಮುಬಾರಿಜನಿಗೆ ಆಕಿ ಒಂದು ಮಾತೂ ಅಂದಾಕಿ ಅಲ್ಲ. ಅರಮನಿ ಕೂಸಿಗೆ ಹೆಂಗ ಬೈಬೇಕು? ಒಂದಿನ ಬೆಳ್ಳಿ ತಂತಿ ಮಾರಾವ ಬಂದು ಕೂತಿದ್ದ. ಅವನ ಎದುರಿಗೇ ಇಂವ ತಯಾರಾದ ಹೂಜಿ ಬೀಳಿಸಿ ಅದರ ಮೂತಿ ಮುರದ. ನೀಲಮ್ಮ ಸುಮ್ಮನ ಬಗ್ಗಿ ತುಂಡು ಆರಿಸಿಕೊಂಡಳು. ತಂತಿಯಾವನ ಕಿವಿ ನೆಟ್ಟಗಾದವು. ನೀಲಮ್ಮ ಬೈಲಿಲ್ಲ ಅಂದ್ರ ಇಂವ ಆಳಲ್ಲ! ಸುದ್ದಿ ಸೀದಾ ಕ್ವಾಟಿಗೆ ಹೋಯ್ತು.

ಮರುದಿನ ಹೊತ್ತೇರೂದ್ರಾಗ ಸುಲ್ತಾನ ತಾನೇ ಬಂದ. ಅವನ ಹಿಂದ ಸೂಜಿಯಾವ, ಕೈಯಾಗ ಕೆಂಡದ ಅಗ್ಗಿಷ್ಟಿಗಿ. ತಪ್ಪು ತನ್ನದೇ ಅಂತ ನೀಲಮ್ಮಗ ಗೊತ್ತಾಯ್ತು. ನಾಲ್ಕು ವರ್ಷ ರೊಟ್ಟಿ ಬಡದು ಹಾಕಿದ ಕೂಸಿನ ಕಣ್ಣು ಹೋಗ್ತಾವಲ್ಲೋ ಶಿವನೇ ಅಂತ ಕಂಬ ಹಿಡಕೊಂಡು ನಿಂತಳು.

ಎಲ್ಲಾರೂ ತಮ್ಮ ತಮ್ಮ ಕೆಲಸಾ ಮಾಡಿ ತೋರಸ್ರಿ ಅಂದ ಸುಲ್ತಾನ. ಮುಬಾರಿಜ ಮಣ್ಣು ನಾಲಿಗಿಗೆ ಇಟ್ಟು ನೋಡಿದ, ತಣ್ಣೀರಾಗ ಕಲಸಿದ, ಒಲಿ ಮ್ಯಾಲ ಇಡಲಿಕ್ಕೆ ಎತ್ತಿದ. ಪಾತೇಲಿ ಕೈ ಜಾರ್ತು. ರಾಡಿ ನೀರೆಲ್ಲಾ ಸುಲ್ತಾನನ ಬಿಳೀ ನಿಲುವಂಗಿ ಮ್ಯಾಲ!

ನೀಲಮ್ಮ ಕಂಬ ಬಿಟ್ಟಳು.

"ಏ ಭಾಡ್ಯಾ! ಕೈ ಏನು ಬಾಡಿಗಿಗೆ ತಂದೀಯೇನು? ದೇವರು ಎರಡು ಕಣ್ಣು ಕೊಟ್ಟಾನ, ನೋಡಿ ನಡ್ಯಾಕ ಏನು ಧಾಡಿ ನಿನಗ? ತಿನ್ನೂದು ನಾಲ್ಕಾಳಿನ ರೊಟ್ಟಿ, ಒಂದು ಪಾತೇಲಿ ಎತ್ತಾಕ ಆಗಂಗಿಲ್ಲ! ಒರಸು ಮೊದಲು, ಹಾಳಾದವನ!"

ನಾಲ್ಕು ವರ್ಷ ಹೊಟ್ಟ್ಯಾಗ ಇಟಗೊಂಡದ್ದೆಲ್ಲಾ ಒಮ್ಮೆಲೇ ಬಂತು. ಮುಬಾರಿಜ ಮೊಣಕಾಲೂರಿ, ತಲಿ ವಸ್ತ್ರ ಬಿಚ್ಚಿ ನಿಲುವಂಗಿ ಒರಸಿದ. "ತಪ್ಪಾಯ್ತವ್ವಾ, ತಪ್ಪಾಯ್ತು" ಅಂದ. ಸುಲ್ತಾನನಿಗೆ ಅಲ್ಲ, ಆಕಿಗೆ.

ಸುಲ್ತಾನ ಆ ಬಗ್ಗಿದ ತಲೀನೇ ಬಹಳ ಹೊತ್ತು ನೋಡಿದನಂತ. ಆಮ್ಯಾಲ ಸೂಜಿಯಾವನಿಗೆ ಹೇಳಿದನಂತ: ಇಷ್ಟು ಬೈಸಿಕೊಂಡು ಅವ್ವಾ ಅನ್ನೂ ರಕ್ತ ನಮ್ಮ ಮನ್ಯಾಗ ಇಲ್ಲ, ಇಂವ ನಮ್ಮಾವಲ್ಲ, ಕೆಂಡ ಆರಸು. ಖರೇನೇ ಗುರ್ತು ಸಿಗಲಿಲ್ಲ ಅಂತ ಕೆಲವರಂತಾರ. ಹುಚ್ಚರು! ಎತ್ತಿ ಆಡಿಸಿದ ತಮ್ಮನ ನೆತ್ತಿ ಸುಳಿ ಅಣ್ಣಗ ಗೊತ್ತಿರಂಗಿಲ್ಲೇನು?

ಸುಲ್ತಾನನ ಮೇಣೆ ಓಣಿ ತಿರುವಿನಾಗ ಮರಿ ಆದದ್ದೇ ತಡ, ನೀಲಮ್ಮ ನೆಲಕ್ಕ ಕುಂತಳು. ಕುಂತಲ್ಲೇ ಅತ್ತಳು, ಅಳ್ತಾ ಅಳ್ತಾ ನಕ್ಕಳು. ಅವನ ಎರಡೂ ಕಣ್ಣು ಸವರಿ ಸವರಿ ನೋಡಿದಳು. "ಯವ್ವಾ, ಇನ್ನೊಮ್ಮೆ ಬೈ" ಅಂದನಂತ ಅಂವ. "ನನಗ ಹಿಂಗ ಯಾರೂ ಬೈದಿದ್ದಿಲ್ಲ."

ಅಂವ ಮುಪ್ಪಿನ ತನಕಾ ಅದೇ ಓಣ್ಯಾಗ ಬಾಳಿದ. ಈಗಲೂ ಅಲ್ಲಿ ಹೊಸದಾಗಿ ಮಣ್ಣು ನಾಲಿಗಿಗೆ ಇಡಾವ ಮೊದಲು ಬೈಸಿಕೋಬೇಕು. ಮನಿ ಹಿರೀ ಹೆಣಮಗಳು ಓಣಿ ನಡುವ ನಿಲ್ಲಿಸಿ, ತಪ್ಪಿರ್ಲಿ ಬಿಡ್ಲಿ, ಬಾಯಿ ತುಂಬ ಬೈತಾಳ. ಎಲ್ಲಾರೂ ಉಳಿ ಕೆಳಗಿಟ್ಟು ಕೇಳ್ತಾರ. ತಪ್ಪಾಯ್ತವ್ವಾ ಅಂದ ಮ್ಯಾಲ ಆಕಿ ಅವನ ಬಾಯಿಗೆ ಬೆಲ್ಲ ಇಡ್ತಾಳ. ಅವತ್ತಿನಿಂದ ಅಂವ ಓಣಿ ಮಗಾ. ಸುಲ್ತಾನ ಬಂದು ಕೇಳಿದ್ರೂ ಕೊಡಂಗಿಲ್ಲ.