ಗಾಯ ಕೆಂಪಗೆ ಕಾದ ಕತೆ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲವದು. ಆಗ ಗಾಳಿಗೆ ಮಾತು ಬರುತ್ತಿತ್ತು, ಹೊಳೆಗೆ ಮಾತು ಬರುತ್ತಿತ್ತು, ಮೈಯೊಳಗೆ ಹರಿಯುವ ನೆತ್ತರ ಹೊಳೆಗೂ ಬರುತ್ತಿತ್ತು. ಮುಳ್ಳು ಚುಚ್ಚಿದರೆ ನೋವಿಲ್ಲ, ಬಿದ್ದರೆ ಬಾವಿಲ್ಲ. ಎಂಥ ಸುಖದ ಕಾಲ ಅನ್ನುತ್ತೀರಲ್ಲವೇ? ಸ್ವಲ್ಪ ತಾಳಿ. ಆ ಕಾಲದಲ್ಲಿ ಆಡುವ ಮಕ್ಕಳು ಇದ್ದಕ್ಕಿದ್ದಂತೆ ಬಾಡಿಹೋಗುತ್ತಿದ್ದವು. ಯಾಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಕುರಿ ಕಾಯುವ ಮಾಳವ್ವನಿಗೆ ಒಬ್ಬಳೇ ಮಗಳು, ಹೊನ್ನಿ. ಒಂದು ದಿನ ಹೊನ್ನಿಯ ಅಂಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಹುಡುಗಿಗೆ ಗೊತ್ತೇ ಆಗಲಿಲ್ಲ. ಕುಣಿದಳು, ಉಂಡಳು, ಮಲಗಿದಳು. ಮೂರನೆಯ ದಿನ ಮೇಲೇಳಲು ಆಗಲಿಲ್ಲ.

ಮಾಳವ್ವ ಅಂಗಾಲು ಹಿಡಿದು ನೋಡಿದಳು. ಮುಳ್ಳು ಮಾಡಿದ ಸಣ್ಣ ಕಂಡಿ, ಅಷ್ಟೇ. ತಣ್ಣಗಿತ್ತು. ಮಗಳ ಮೈಗೆ ಕಿವಿಯಿಟ್ಟು ಕೇಳಿದಳು, “ನೆತ್ತರ ತಾಯಿ, ನನ್ನ ಕೂಸಿಗೆ ಏನಾಗೇತಿ?”

“ಕಣ್ಣಿಗೆ ಕಾಣದ ತೋಳ ಆ ಕಂಡ್ಯಾಗ ಹೊಕ್ಕಾವ, ಮಾಳವ್ವ,” ಎಂದಿತು ನೆತ್ತರ ಹೊಳೆ.

“ನಿನ್ನ ಹತ್ರ ಕಾವಲು ನಾಯಿ ಇಲ್ಲೇನು?”

“ಅದಾವಲ್ಲ, ಬಿಳೀ ನಾಯಿ, ಸಾವಿರಾರು! ಕೂಸಿನ ಜೋಡೀನ ಹುಟ್ಟ್ಯಾವ. ತೋಳ ಹಿಡಿಯೂದು ಅವಕ್ಕ ಯಾರೂ ಕಲಿಸಬೇಕಾಗಿಲ್ಲ. ಆದ್ರ ತೋಳ ಎಲ್ಲಿ ಅದಾವಂತ ಗೊತ್ತಾಗವಲ್ದು. ಕೂಸಿನ ನಿದ್ದಿ ಕೆಡಬಾರದಂತ ನಾ ತಣ್ಣಗ, ಸುಮ್ಮನ ಹರೀತೀನಿ.”

ಅಯ್ಯೋ ಹೊಳೆಯೇ, ಇಷ್ಟು ಮುದ್ದು ಒಳ್ಳೆಯದೇ?

ಮಾಳವ್ವನಿಗೆ ತವರಿನ ಕುರಿಹಟ್ಟಿ ನೆನಪಾಯಿತು. ಬೇಲಿಯಲ್ಲಿ ಕಂಡಿ ಬಿದ್ದು ತೋಳ ನುಗ್ಗಿದರೆ ಅಪ್ಪ ಮೊದಲು ಬೇಲಿ ಕಟ್ಟುತ್ತಿರಲಿಲ್ಲ. ಕಂಡಿಯ ಬಾಯಲ್ಲೇ ಬೆಂಕಿ ಹಾಕಿ ಕೂಗು ಹೊಡೆಯುತ್ತಿದ್ದ. ಬೆಂಕಿ ಕಂಡ ಕಡೆ ನಾಯಿಗಳೆಲ್ಲ ಓಡಿಬಂದು ಮುತ್ತುತ್ತಿದ್ದವು. ತೋಳ ಹೋದ ಮೇಲೆ, ಕಾದಾಡಿ ಸತ್ತ ನಾಯಿಯನ್ನು ಮಣ್ಣು ಮಾಡಿ ಅಪ್ಪ ಹಾಲು ಬಿಡುತ್ತಿದ್ದ. ಆ ಹೊಗೆಯ ವಾಸನೆ, ಆ ಕೂಗು, ಆ ಅಪ್ಪ ಈಗ ಎಲ್ಲಿ? ಅವಳ ಕಣ್ಣು ತುಂಬಿತು.

“ಕಂಡಿ ಬಾಯಾಗ ಬೆಂಕಿ ಹಾಕು, ತಾಯಿ,” ಎಂದಳು.

“ಕೂಸಿಗೆ ಉರೀತೈತಿ. ಚೀರ್ತಾಳ. ನೀ ತಡಕೊಂತೀಯೇನು?”

ಮಾಳವ್ವ ಮಗಳ ಮುಖ ನೋಡಿದಳು. ಯಾವ ತಾಯಿ ಇಂಥದ್ದಕ್ಕೆ ಹೂಂ ಅಂದಾಳು?

“ಅಳಲಿ,” ಎಂದಳು. “ಅತ್ತರ ಬದುಕ್ತಾಳ. ಹಾಕು.”

ಹೊಳೆ ಬೆಂಕಿ ಹಾಕಿತು. ಅಂಗಾಲು ಕೆಂಪಗಾಯಿತು, ಕಾದಿತು. ಬಿಳಿ ನಾಯಿಗಳು ಓಡೋಡಿ ಬಂದು ಒತ್ತೊತ್ತಾಗಿ ನೆರೆದವು, ಅಂಗಾಲು ಬಾತುಕೊಂಡಿತು. ಹೊನ್ನಿ “ಯವ್ವಾ!” ಎಂದು ಚೀರಿದಳು. ಲೋಕದಲ್ಲಿ ಗಾಯಕ್ಕೆ ಅತ್ತ ಮೊದಲ ಮಗು ಅವಳೇ.

ತಾನೇ ಹಾಕಿಸಿದ ಬೆಂಕಿ, ಆರಿಸುವ ಹಾಗಿಲ್ಲ. ಮಾಳವ್ವ ಬಾಗಿ, ಮಗಳ ಅಂಗಾಲಿಗೆ ಮೆಲ್ಲಗೆ ಉಫ್ ಎಂದು ಊದಿದಳು. ಮತ್ತೆ ಊದಿದಳು.

ನಾಯಿಗಳು ತೋಳಗಳನ್ನು ಹಿಡಿಹಿಡಿದು ನುಂಗಿದವು. ಕಾದಾಡಿ ಸತ್ತ ನಾಯಿಗಳು ಬೆಳ್ಳಗೆ ಕೀವಾಗಿ ಹೊರಬಂದವು. ಮಾಳವ್ವ ಅದನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು, ಅಪ್ಪನ ಹಾಗೆಯೇ ನೆಲಕ್ಕೆ ನಾಲ್ಕು ಹನಿ ಹಾಲು ಬಿಟ್ಟಳು. ಎರಡು ದಿನ ಕಳೆದು ಹೊನ್ನಿ ಎದ್ದು ಕೂತು, “ಯವ್ವಾ, ಹಸಿವು,” ಎಂದಳು.

ಅಂದಿನಿಂದ ಎಲ್ಲರ ಮೈಯ ನೆತ್ತರ ಹೊಳೆಯೂ ಕಂಡಿ ಬಿದ್ದಲ್ಲಿ ಬೆಂಕಿ ಹಾಕುವುದನ್ನು ಕಲಿಯಿತು. ಅದಕ್ಕೇ ಇಂದಿಗೂ ನೀನು ಬಿದ್ದರೆ ಮೊಣಕಾಲು ಕೆಂಪಗಾಗುತ್ತದೆ, ಕಾಯುತ್ತದೆ, ಬಾತುಕೊಳ್ಳುತ್ತದೆ. ಆ ನೋವನ್ನು ಬೇಡಿ ತಂದವಳು ಒಬ್ಬ ತಾಯಿಯೆಂದು ಗೊತ್ತಿಲ್ಲದಿದ್ದರೂ, ನಿನ್ನ ಅವ್ವ ಬಾಗಿ ಉಫ್ ಎಂದು ಊದುತ್ತಾಳೆ.